ಗೀರಿಲ್ಲದ ಮುಚ್ಚಳ

ಡೈ ಮಾಸ್ತರರು ತಮ್ಮ ಸೊಸೆಯನ್ನು ಹುಡುಕಿಕೊಂಡದ್ದು ಕಾರ್ಖಾನೆಯಲ್ಲೇ. ಅಲ್ಲಿ ತಯಾರಾಗುತ್ತಿದ್ದುದು ಡಬ್ಬಿಗಳ ಮುಚ್ಚಳ. ಉಂಗುರಕ್ಕೆ ಬೆರಳು ಸಿಕ್ಕಿಸಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವ ತಗಡಿನ ಮುಚ್ಚಳ. ಮಾಸ್ತರರು ಡೈಗಳನ್ನು, ಅಂದರೆ ತಗಡಿಗೆ ಆಕಾರ ಒತ್ತುವ ಉಕ್ಕಿನ ಅಚ್ಚುಗಳನ್ನು, ಮಾಡುವ ಟೂಲ್ ರೂಮಿನ ಹಿರಿಯ, ಅವಳು ಆಗಷ್ಟೇ ಪರೀಕ್ಷಾ ಕೊಠಡಿಗೆ ಸೇರಿದ ಹುಡುಗಿ. ಬಂದು ತಿಂಗಳು ತುಂಬುವ ಮೊದಲೇ ಅವಳು ಮಾಸ್ತರರ ಡೈಯಿಂದ ಬಂದ ಒಂದು ತಟ್ಟೆ ತುಂಬ ಮುಚ್ಚಳಗಳನ್ನು ಆಗುವುದಿಲ್ಲ ಎಂದು ಹಿಂದಕ್ಕೆ ಕಳಿಸಿಬಿಟ್ಟಳು. ಹಳಬರೆಲ್ಲ ಉಸಿರು ಬಿಗಿಹಿಡಿದು ಕಾದರು. ಮಾಸ್ತರರು ತಟ್ಟೆ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದರು, ಅವಳ ಮುಂದೆಯೇ ಮತ್ತೊಮ್ಮೆ ಅಳೆದರು, ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೊರಟುಹೋದರು. ಅಂದು ಸಂಜೆ ಮನೆಯಲ್ಲಿ ಹೆಂಡತಿಗೆ, ನನ್ನ ಮುಚ್ಚಳವನ್ನೇ ಬೇಡ ಅಂದ ಹುಡುಗಿ ಒಬ್ಬಳು ಸಿಕ್ಕಿದ್ದಾಳೆ, ನಮ್ಮ ಮಗನೂ ಅವಳೂ ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಎಂದರಂತೆ. ನಿಮ್ಮನ್ನು ಬೇಡ ಅನ್ನುವ ಧೈರ್ಯ ಇರುವವಳು ಈ ಮನೆಗೆ ಬಂದರೆ ನನಗೂ ಒಂದು ಜೊತೆಯಾಗುತ್ತದೆ ಎಂದು ಹೆಂಡತಿ ಉತ್ತರ ಕೊಟ್ಟರಂತೆ. ಮಗ ದೂರದ ಊರುಗಳಿಗೆ ಲಾರಿ ಓಡಿಸುವವನು. ಮುಚ್ಚಳ ನೋಡಲು ಎಂಬ ನೆಪದಲ್ಲಿ ಎರಡು ಸಲ ಕಾರ್ಖಾನೆಗೆ ಬಂದ. ಮೂರನೆಯ ಸಲಕ್ಕೆ ನೆಪ ಬೇಕಾಗಲಿಲ್ಲ.

ಮದುವೆಯಾದ ಮೇಲೆ ಮಾವ ಸೊಸೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರತೊಡಗಿದರು. ಬಸ್ಸಿನಲ್ಲೂ ಮುಚ್ಚಳದ ಮಾತೇ. ಊಟದ ಮೇಜಿನಲ್ಲಿ ಅದೇ ಮುಂದುವರಿದರೆ ಅತ್ತೆ ತಮ್ಮ ತಟ್ಟೆ ಎತ್ತಿಕೊಂಡು ಕಿಟಕಿಯ ಪಕ್ಕಕ್ಕೆ ಹೋಗಿ ಕೂರುತ್ತಿದ್ದರು.

ಮುಚ್ಚಳದ ಜೀವ ಇರುವುದು ಅದರ ಗೀರಿನಲ್ಲಿ. ಪ್ರೆಸ್ಸಿನೊಳಗಿನ ಡೈ ತಗಡಿನ ಮೇಲೆ ಅಂಚಿನುದ್ದಕ್ಕೂ ಒಂದು ಸುತ್ತು ಗೀರು ಹಾಕುತ್ತದೆ. ಪೂರ್ತಿ ಕತ್ತರಿಸುವುದಿಲ್ಲ, ಗೀರಿನ ತಳದಲ್ಲಿ ಕೂದಲೆಳೆಯಷ್ಟು ತಗಡನ್ನು ಉಳಿಸುತ್ತದೆ. ಆ ಉಳಿಕೆ ಹೆಚ್ಚಾದರೆ ಉಂಗುರ ಕಿತ್ತು ಕೈಗೆ ಬರುತ್ತದೆ, ಮುಚ್ಚಳ ಅಲ್ಲೇ ಇರುತ್ತದೆ. ಕಡಿಮೆಯಾದರೆ ಡಬ್ಬಿ ತುಂಬಿಸಿ ಹಬೆಯಲ್ಲಿ ಬೇಯಿಸುವಾಗ ಒಳಗಿನ ಒತ್ತಡಕ್ಕೆ ಗೀರು ತಾನಾಗಿ ಬಿಟ್ಟುಕೊಳ್ಳುತ್ತದೆ. ಈ ಎರಡರ ನಡುವಿನ ಜಾಗ ಹಿಡಿಯುವುದರಲ್ಲಿ ಮಾಸ್ತರರದು ಎತ್ತಿದ ಕೈ. ಡೈಯನ್ನು ತಾವೇ ಮಸೆದು, ಪ್ರೆಸ್ಸಿನಲ್ಲಿ ಕೂರಿಸಿ, ಮೊದಲ ಮುಚ್ಚಳಗಳಿಂದ ಸಣ್ಣ ಪಟ್ಟಿಗಳನ್ನು ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಉಳಿಕೆ ಎಷ್ಟೆಂದು ಓದುವರು. ನಿಯಮದ ಪ್ರಕಾರ ಪರೀಕ್ಷಾ ಕೊಠಡಿಯಲ್ಲೂ ಅದನ್ನು ಮತ್ತೊಮ್ಮೆ ಅಳೆಯಬೇಕು. ಮೊದಮೊದಲು ಸೊಸೆ ತಪ್ಪದೆ ಅಳೆಯುತ್ತಿದ್ದಳು. ವರ್ಷಗಳು ಕಳೆದಂತೆ ಮಾವ ಹೇಳಿದ ಅಂಕಿಗೂ ತಾನು ಕಂಡ ಅಂಕಿಗೂ ಎಳ್ಳಷ್ಟೂ ವ್ಯತ್ಯಾಸ ಬಾರದಿದ್ದುದರಿಂದ ಅವರು ಕಳಿಸಿದ್ದನ್ನು ಅಳೆಯುವುದನ್ನೇ ಬಿಟ್ಟಳು. ಉಂಗುರ ಎಳೆದು ನೋಡುವುದು, ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟು ಗುಳ್ಳೆ ಬರುತ್ತದೆಯೇ ನೋಡುವುದು, ಇಷ್ಟಕ್ಕೇ ನಿಲ್ಲಿಸಿದಳು.

ಹೀಗಿರುವಾಗ ಸೂಪು ತಯಾರಿಸುವ ಕಂಪನಿಯೊಂದು ಹೊಸ ಬಗೆಯ ಮುಚ್ಚಳ ಕೇಳಿತು. ಅವರ ಸೂಪು ಹೆಚ್ಚಾಗಿ ಹೋಗುತ್ತಿದ್ದುದು ಆಸ್ಪತ್ರೆಗಳಿಗೆ ಮತ್ತು ವಯಸ್ಸಾದವರ ಮನೆಗಳಿಗೆ. ಬೆರಳಲ್ಲಿ ಶಕ್ತಿಯಿಲ್ಲದವರೂ ತೆಗೆಯುವಂತಿರಬೇಕು ಎಂದು ಅವರ ಬೇಡಿಕೆ. ಇಂಥದೊಂದು ಮುಚ್ಚಳ ಮಾಡಬೇಕೆಂದು ಮಾಸ್ತರರಿಗೆ ಬಹಳ ದಿನಗಳಿಂದ ಆಸೆಯಿತ್ತು. ಉಂಗುರವನ್ನು ಸ್ವಲ್ಪ ಉದ್ದ ಮಾಡಿ, ಅದರ ಮೂಗು ಗೀರಿನ ಮೇಲೆ ಒತ್ತುವ ಜಾಗವನ್ನು ಬದಲಿಸಿ, ಗೀರನ್ನು ಇನ್ನೊಂದಿಷ್ಟು ಆಳಕ್ಕಿಳಿಸಿ ತಾವೇ ನಕ್ಷೆ ಬರೆದರು. ಗಿಡದಿಂದ ಹೂ ಕಿತ್ತಷ್ಟು ಹಗುರವಾಗಿ ತೆರೆಯಬೇಕು ಎಂದು ಅದಕ್ಕೆ ಹೂವು ಎಂದೇ ಹೆಸರಿಟ್ಟರು. ಪ್ರೆಸ್ಸಿನವರು ಕೂಡ ಇವತ್ತು ಹೂವು ಓಡಿಸಬೇಕು, ಹೂವಿಗೆ ತಗಡು ಬಂತೇ ಎಂದು ಮಾತಾಡತೊಡಗಿದರು.

ಮೊದಲ ಕಂತು ಸೂಪು ಕಂಪನಿಗೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಅದರಲ್ಲಿ ಒಂದು ಪೆಟ್ಟಿಗೆ ಹಿಂದಕ್ಕೆ ಬಂತು. ಹಬೆಯ ಪಾತ್ರೆಯೊಳಗೆ ಎಷ್ಟೋ ಮುಚ್ಚಳಗಳು ತಾವಾಗಿ ಬಿಟ್ಟುಕೊಂಡು ಪಾತ್ರೆಯೆಲ್ಲ ಸೂಪುಮಯವಾಗಿತ್ತಂತೆ.

ಸೊಸೆ ಒಂದೊಂದೇ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಒಂದೇ ಕಡೆ ಬಿಟ್ಟಿದ್ದವು, ಉಂಗುರದ ಎದುರಿನ ಅಂಚಿನಲ್ಲಿ. ಅಲ್ಲಿಂದ ಪಟ್ಟಿ ಕತ್ತರಿಸಿ ಅಳೆದಳು. ಗೀರಿನ ಆಳ ಸುತ್ತಲೂ ಒಂದೇ ಸಮ ಇರಲಿಲ್ಲ. ಒಂದು ಕಡೆ ಸರಿಯಾಗಿತ್ತು, ಇನ್ನೊಂದು ಕಡೆ ಉಳಿಕೆ ಅರ್ಧಕ್ಕರ್ಧ ಕಡಿಮೆ. ಡೈ ಓರೆಯಾಗಿ ಕೂತಿತ್ತು. ಇದು ಕಣ್ತಪ್ಪಿನಿಂದ ನುಸುಳುವಷ್ಟು ಸಣ್ಣ ದೋಷವಲ್ಲ. ಅಳೆದವರಿಗೆ ಕಾಣಲೇಬೇಕಿತ್ತು. ತಾನು ಅಳೆದಿದ್ದರೆ ತನಗೂ ಕಾಣುತ್ತಿತ್ತು.

ಉಳಿದ ಮುಚ್ಚಳಗಳ ಪೆಟ್ಟಿಗೆಗಳಿಗೆಲ್ಲ ತಡೆಯ ಕೆಂಪು ಚೀಟಿ ಅಂಟಿಸಿದಳು. ಕಾರಣ ಕೇಳಲು ಮ್ಯಾನೇಜರ್ ಬಂದರು. ಹೊಟ್ಟೆಯುರಿಯ ಮಾತ್ರೆಯನ್ನು ಸದಾ ಬಾಯಲ್ಲಿಟ್ಟುಕೊಂಡು ಓಡಾಡುವ ಮನುಷ್ಯ, ಕೆಟ್ಟವರಲ್ಲ. ಆಳದಲ್ಲಿ ಏರುಪೇರಾಗಿದೆ, ಯಾಕೆಂದು ನೋಡುತ್ತಿದ್ದೇನೆ ಎಂದಷ್ಟೇ ಹೇಳಿದಳು. ಮಾಸ್ತರರನ್ನು ಕೇಳಿ, ಅವರಿಗೆ ತಿಳಿಯದ್ದು ಯಾವುದಿದೆ ಎಂದು ಅವರು ಹೊಸ ಮಾತ್ರೆ ಬಾಯಿಗೆ ಹಾಕಿಕೊಂಡು ಹೋದರು.

ಮಾಸ್ತರರನ್ನು ಕೇಳಿದಾಗ ಅವರು ತಗಡಿನ ಮೇಲೆ ಹಾಕಿದರು, ಪ್ರೆಸ್ಸಿನವರ ಮೇಲೆ ಹಾಕಿದರು, ಕೊನೆಗೆ ಪರೀಕ್ಷಾ ಕೊಠಡಿಯ ಸೂಕ್ಷ್ಮದರ್ಶಕವೇ ಹಾಳಾಗಿರಬೇಕು ಎಂದರು. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದು ಅವರ ಜಾಯಮಾನವೇ ಅಲ್ಲ. ಸೊಸೆಗೆ ಆಶ್ಚರ್ಯವಾದದ್ದು ಅದಕ್ಕೇ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವರನ್ನು ಓರೆಗಣ್ಣಿನಿಂದ ನೋಡುತ್ತ ಕುಳಿತಳು. ಈಚೆಗೆ ಕಂಡೂ ಗಮನಿಸದೆ ಬಿಟ್ಟ ಸಂಗತಿಗಳು ಒಂದೊಂದಾಗಿ ಎದ್ದುಬಂದವು. ಯಾವ ಬಸ್ಸು ಬಂತು ಎಂದು ಅವರು ಯಾವಾಗಲೂ ಅವಳನ್ನೇ ಕೇಳುತ್ತಿದ್ದರು. ಚಹಾ ಬಗ್ಗಿಸುವಾಗ ಬಟ್ಟಲಿನ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತಿದ್ದರು. ಬೆಳಗಿನ ಪತ್ರಿಕೆಯನ್ನು ಅತ್ತೆ ಗಟ್ಟಿಯಾಗಿ ಓದುತ್ತಿದ್ದರು, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅದನ್ನು ಮುದಿ ದಂಪತಿಗಳ ಪ್ರೀತಿ ಎಂದುಕೊಂಡು ಅವಳು ಒಳಗೊಳಗೇ ನಕ್ಕಿದ್ದಳು.

ಮರುದಿನ ಊಟದ ಬಿಡುವಿನಲ್ಲಿ, ಟೂಲ್ ರೂಮಿನ ಉಳಿದವರೆಲ್ಲ ಹೊರಗೆ ಹೋಗಿದ್ದಾಗ, ಅವಳು ಎರಡು ಪಟ್ಟಿಗಳನ್ನು ಹಿಡಿದುಕೊಂಡು ಒಳಗೆ ಹೋದಳು. ಒಂದು, ಗೀರು ಬಿದ್ದ ಜಾಗದಿಂದ ಕತ್ತರಿಸಿದ್ದು. ಇನ್ನೊಂದು, ಮುಚ್ಚಳದ ನಡುವಿನ ಬರೀ ತಗಡು. ಅವೆರಡನ್ನೂ ಅಕ್ಕಪಕ್ಕ ತೋರಿಸಿ, ಮಾವ ನಿಮಗೆ ಕಣ್ಣು ಮಂಜಾಗಿದೆಯಾ ಎಂದು ನೇರವಾಗಿ ಕೇಳಿಬಿಡಬೇಕು ಎಂದುಕೊಂಡೇ ಹೊರಟಿದ್ದಳು. ಅವರು ದೀಪದ ಕೆಳಗೆ ಡೈಯೊಂದನ್ನು ಒರೆಸುತ್ತ ಕುಳಿತಿದ್ದರು. ಅವಳನ್ನು ಕಂಡು, ಅಲ್ಲ, ಅವಳ ಹೆಜ್ಜೆಯ ಸದ್ದು ಗುರುತಿಸಿ, ಬಾ ಎಂದು ನಕ್ಕರು. ಆ ನಗುವಿನೆದುರು ಅದನ್ನು ಕೇಳಲು ಅವಳಿಂದ ಆಗಲಿಲ್ಲ. ಇದನ್ನೊಮ್ಮೆ ನೋಡಿ ಎಂದಷ್ಟೇ ಹೇಳಿ ಸೂಕ್ಷ್ಮದರ್ಶಕದ ಕೆಳಗೆ ಪಟ್ಟಿ ಇಟ್ಟಳು. ಇಟ್ಟದ್ದು ಗೀರಿಲ್ಲದ್ದನ್ನು.

ಮಾಸ್ತರರು ಬಗ್ಗಿ ಕಣ್ಣು ಹಚ್ಚಿದರು. ತಿರುಗಣಿಯನ್ನು ಆಚೆ ಈಚೆ ಆಡಿಸಿದರು. ಬಹಳ ಹೊತ್ತು ನೋಡಿದರು.

"ಸರಿಯಾಗೇ ಇದೆಯಲ್ಲಮ್ಮ" ಎಂದರು. "ತೊಂಬತ್ತು ಮೈಕ್ರಾನ್. ಎಷ್ಟಿರಬೇಕೋ ಅಷ್ಟೇ ಇದೆ."

ಅವಳು ಅಲ್ಲೇ ನಿಂತಳು, ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೋ ಏನೋ, ಮಾಸ್ತರರು ಚಿಮಟದಿಂದ ಪಟ್ಟಿಯನ್ನು ಎತ್ತಿಕೊಂಡು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆದರು. ಗೀರಿಗೆ ಉಗುರು ತಟಕ್ಕನೆ ಸಿಕ್ಕಬೇಕು. ಅದು ಈ ತುದಿಯಿಂದ ಆ ತುದಿಗೆ ನುಣ್ಣಗೆ ಜಾರಿಹೋಯಿತು. ಇನ್ನೊಮ್ಮೆ ಎಳೆದರು. ತಿರುಗಿಸಿ ಹಿಂಬದಿಯಲ್ಲೂ ಎಳೆದರು. ಆಮೇಲೆ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು.

"ಇದರಲ್ಲಿ ಗೀರೇ ಇಲ್ಲ."

"ಹೌದು ಮಾವ."

"ನನ್ನನ್ನ ಕೇಳಬಹುದಿತ್ತು ನೀನು" ಎಂದರು ಮಾಸ್ತರರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದು ಸಂಜೆ ಅವರು ಅವಳಿಗೆ ಕಾಯದೆ ಮುಂಚಿನ ಬಸ್ಸು ಹಿಡಿದರು. ಯಾವ ಬಸ್ಸೆಂದು ಯಾರನ್ನು ಕೇಳಿದರೋ. ಅವಳು ಮನೆಗೆ ಬಂದಾಗ ಅವರು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು, ತಲೆಯೆತ್ತಲಿಲ್ಲ. ಅವಳಿಗೆ ಬೆನ್ನು ಮಾಡಿಕೊಂಡೇ ಮಾತಾಡಿದರು. ಚಳಿಗಾಲದಿಂದಲೇ ಮಾವನ ಕಣ್ಣು ಮಬ್ಬಾಗಿತ್ತಂತೆ. ಎರಡೂ ಕಣ್ಣಿಗೆ ಪೊರೆ. ಡಾಕ್ಟರು ಆಗಲೇ ಆಪರೇಷನ್ ಮಾಡಿಸಿ ಎಂದಿದ್ದರಂತೆ. ಈ ಹೂವಿನ ಕೆಲಸ ಮುಗಿಯಲಿ ಎಂದು ಇವರು ಮುಂದೂಡುತ್ತಲೇ ಬಂದರಂತೆ. ರಜ ಹಾಕಿದರೆ ಡೈಯನ್ನು ಎಡಗೈಯವನ ಕೈಗೆ ಕೊಡುತ್ತಾರೆ, ಒಮ್ಮೆ ಕೊಟ್ಟರೆ ಮತ್ತೆ ತನ್ನ ಕೈಗೆ ಬರುವುದಿಲ್ಲ ಎಂಬ ಹೆದರಿಕೆ. ಎಡಗೈಯವ ಎಂದರೆ ಟೂಲ್ ರೂಮಿನಲ್ಲಿ ಮಾಸ್ತರರ ನಂತರದವನು. ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುತ್ತಿದ್ದುದರಿಂದ ಆ ಹೆಸರು ಬಂದಿತ್ತು.

"ನನ್ನ ಹತ್ತಿರ ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ?" ಎಂದು ಅತ್ತೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ಈರುಳ್ಳಿಯದೋ ಏನೋ. "ಸುಮ್ಮನಿರೋಳಲ್ಲ ಅಂತ ತಾನೇ ಅವರು ನಿನ್ನನ್ನ ಈ ಮನೆಗೆ ತಂದಿದ್ದು. ಆದ್ರೂ ಹಾಗೆ ಪರೀಕ್ಷೆ ಮಾಡಬಾರದಿತ್ತು ಕಣೇ. ಅವರೇನು ಮುಚ್ಚಳನಾ?"

ಸೊಸೆಗೆ ಊಟ ಸೇರಲಿಲ್ಲ. ಗಂಡ ಎಲ್ಲೋ ಹೆದ್ದಾರಿಯ ಪಕ್ಕ ಲಾರಿ ನಿಲ್ಲಿಸಿ ಫೋನ್ ಮಾಡಿದಾಗ ನಡೆದದ್ದನ್ನೆಲ್ಲ ಹೇಳಿಕೊಂಡಳು. ಅವನು, ಹೋದ ಸಲ ಬಂದಾಗ ಅಪ್ಪ ನನ್ನನ್ನು ಮುಟ್ಟಿ ಮುಟ್ಟಿ ಮಾತಾಡಿಸಿದರು, ಮಗನ ಮೇಲೆ ಅಕ್ಕರೆ ಉಕ್ಕಿದೆ ಅಂದುಕೊಂಡೆ ಎಂದ.

ಬೆಳಗ್ಗೆ ಅವಳು ಒಂದು ನಿರ್ಧಾರಕ್ಕೆ ಬಂದು ನೇರವಾಗಿ ಮ್ಯಾನೇಜರರ ಕೋಣೆಗೆ ಹೋದಳು. ಕೆಂಪು ಚೀಟಿಗೆ ಕಾರಣ ಕೊಡಲೇಬೇಕಿತ್ತು. ಮಾವನ ಹೆಸರು ಹೇಳದೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದಳು, ಯಾವುದೂ ಹೊಂದಿರಲಿಲ್ಲ. ಬಾಗಿಲು ತಳ್ಳಿದರೆ ಒಳಗೆ ಕುರ್ಚಿಯಲ್ಲಿ ಮಾಸ್ತರರು ಕುಳಿತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳಿಗಿಂತ ಮೊದಲೇ ಬಂದಿದ್ದರು. ಹೇಳಬೇಕಾದದ್ದನ್ನೆಲ್ಲ ಆಗಲೇ ಹೇಳಿಯಾಗಿತ್ತು. ಡೈ ಓರೆಯಾದದ್ದು ತಮ್ಮಿಂದ, ಅಂಕಿಗಳನ್ನು ತಾವು ಕಂಡು ಹೇಳಲಿಲ್ಲ, ಅಂದಾಜಿನ ಮೇಲೆ ಹೇಳಿದ್ದು, ಪರೀಕ್ಷಾ ಕೊಠಡಿಯವರದು ಇದರಲ್ಲಿ ಏನೂ ತಪ್ಪಿಲ್ಲ ಎಂದು.

"ಅದು ಸರಿಯಲ್ಲ ಸರ್" ಎಂದಳು ಸೊಸೆ, ನಿಂತಲ್ಲಿಂದಲೇ. "ಮತ್ತೆ ಅಳೆಯೋದು ನನ್ನ ಕೆಲಸ. ನಾನು ಅಳೀಲಿಲ್ಲ. ಇವರು ಹೇಳಿದ್ದಾರಲ್ಲ ಅಂತ ಬಿಟ್ಟುಬಿಟ್ಟೆ."

ಮಾಸ್ತರರು ಅವಳ ಕಡೆ ತಿರುಗಲಿಲ್ಲ. ಮ್ಯಾನೇಜರ್ ಮಾತ್ರೆಯ ಡಬ್ಬಿಗೆ ಕೈ ಹಾಕಿದವರು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ, ಡೈಯನ್ನು ಎಡಗೈಯವ ಮತ್ತೆ ಮಸೆದು ಕೂರಿಸಲಿ, ಮಾಸ್ತರರು ಇವತ್ತಿನಿಂದಲೇ ರಜ ಹಾಕಿ ಕಣ್ಣು ತೋರಿಸಿಕೊಳ್ಳಲಿ, ಉಳಿದದ್ದು ಆಮೇಲೆ ಎಂದರು. ಆ 'ಆಮೇಲೆ' ಎಂಬುದು ಮಾಸ್ತರರಿಗೆ ಹೇಗೆ ಕೇಳಿಸಿತೆಂದು ಸೊಸೆಗೆ ಅವರ ಹೆಗಲು ಇಳಿದದ್ದನ್ನು ನೋಡಿಯೇ ತಿಳಿಯಿತು.

ಮನೆಯಲ್ಲಿ ಅವರು ಅವಳೊಡನೆ ಮಾತು ಬಿಟ್ಟರು. ಜಗಳವಿಲ್ಲ, ಮುಖ ಊದಿಸಿಕೊಂಡದ್ದೂ ಇಲ್ಲ, ಮಾತಿಲ್ಲ ಅಷ್ಟೆ. ಏನಾದರೂ ಹೇಳುವುದಿದ್ದರೆ ಅತ್ತೆಯ ಮೂಲಕ. ಅವಳು ಎದುರಿಗೇ ಕುಳಿತಿದ್ದರೂ, ಉಪ್ಪು ಈ ಕಡೆ ಕೊಡಲು ಹೇಳು ಎನ್ನುವರು. ಉಪ್ಪು ಕೊಡಬೇಕಂತೆ ಎಂದು ಅತ್ತೆ ಹೇಳುವರು. ಕೊಟ್ಟಿದ್ದೇನೆ ಎಂದು ಹೇಳಿ ಅತ್ತೆ ಎಂದು ಇವಳು ಹೇಳುವಳು. ಎರಡು ದಿನ ಈ ಅಂಚೆ ಸಾಗಿಸಿ ಸಾಕಾದ ಅತ್ತೆ, ನನ್ನ ಗಂಟಲಿಗೇನು ಬಾಡಿಗೆ ಕೊಡ್ತೀರಾ ಎಂದು ಎದ್ದುಹೋದರು. ಅಂದು ಮಾಸ್ತರರು ಉಪ್ಪಿಲ್ಲದೆಯೇ ಊಟ ಮುಗಿಸಿದರು.

ಆಪರೇಷನ್ನಿಗೆ ಕರೆದುಕೊಂಡು ಹೋದವಳು ಸೊಸೆಯೇ. ಮಗ ಇನ್ನೂ ದಾರಿಯಲ್ಲಿದ್ದ, ಅತ್ತೆಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತಿತ್ತು. ಮೊದಲು ಬಲಗಣ್ಣು, ಕೆಲವು ವಾರಗಳ ನಂತರ ಎಡಗಣ್ಣು ಎಂದಿದ್ದರು. ಆಸ್ಪತ್ರೆಯ ಹೊರಗೆ ಕಲ್ಲಿನ ಮೆಟ್ಟಿಲುಗಳು. ಮಾಸ್ತರರು ಕೆಳಗೆ ನಿಂತು ಕಾಲಿನಿಂದ ಮೊದಲ ಮೆಟ್ಟಿಲನ್ನು ತಡವಿದರು. ಅವಳು ಕೇಳದೆಯೇ ಅವರ ತೋಳು ಹಿಡಿದಳು. ಬಿಡಿಸಿಕೊಳ್ಳುತ್ತಾರೆ ಎಂದುಕೊಂಡಿದ್ದಳು, ಬಿಡಿಸಿಕೊಳ್ಳಲಿಲ್ಲ. ಮೇಲೆ ಹೋಗಿ ಬೆಂಚಿನ ಮೇಲೆ ಕುಳಿತು ಸರದಿಗೆ ಕಾಯುತ್ತಿದ್ದಾಗ ಅವಳು ತಗ್ಗಿದ ದನಿಯಲ್ಲಿ, ಗೀರಿಲ್ಲದ ಪಟ್ಟಿ ಇಟ್ಟದ್ದಕ್ಕೆ ಅವರ ಕ್ಷಮೆ ಕೇಳಿದಳು. ಕಣ್ಣಿನ ವಿಷಯ ನೇರವಾಗಿ ಕೇಳಬೇಕೆಂದೇ ಅಂದು ಬಂದಿದ್ದೆ, ಧೈರ್ಯ ಸಾಲಲಿಲ್ಲ ಎಂದಳು. ಅವರು ಉತ್ತರಿಸುವ ಮೊದಲೇ ದಾದಿ ಬಂದು ಒಳಗೆ ಕರೆದುಕೊಂಡು ಹೋದಳು.

ಮನೆಗೆ ಬಂದ ಮೇಲೆ ಬಲಗಣ್ಣಿಗೆ ಪಟ್ಟಿ, ಎಡಗಣ್ಣಿನಲ್ಲಿ ಪೊರೆ. ಮಾಸ್ತರರಿಗೆ ಹೆಚ್ಚುಕಡಿಮೆ ಏನೂ ಕಾಣದು. ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ. ಅತ್ತೆ ಓದುತ್ತಿದ್ದ ಪತ್ರಿಕೆ ಮುಗಿದು, ಜಾಹೀರಾತುಗಳೂ ಮುಗಿದಿದ್ದವು. ಮಧ್ಯಾಹ್ನ ಮೇಜಿನ ಮೇಲೆ ಕೈಯಾಡಿಸುತ್ತ ಕುಳಿತಿದ್ದವರಿಗೆ ಒಂದು ಡಬ್ಬಿ ಸಿಕ್ಕಿತು. ಎಡಗೈಯವ ಹೊಸದಾಗಿ ಕೂರಿಸಿದ ಡೈಯಿಂದ ಬಂದ ಹೂವು ಮುಚ್ಚಳದ ಡಬ್ಬಿ. ಮನೆಯಲ್ಲಿ ತೆರೆದು ನೋಡಲೆಂದು ಸೊಸೆ ತಂದಿಟ್ಟಿದ್ದಳು. ಮಾಸ್ತರರು ಮುಚ್ಚಳದ ಮೇಲೆ ಬೆರಳಾಡಿಸಿದರು. ಗೀರನ್ನು ಉಗುರಿನಿಂದ ಸುತ್ತಲೂ ಸವರಿ ತಲೆಯಾಡಿಸಿದರು. ಆಮೇಲೆ ಉಂಗುರ ಎತ್ತಲು ಹೋದರು. ಅದು ತಗಡಿಗೆ ಅಂಟಿಕೊಂಡಂತೆ ಮಲಗಿತ್ತು. ಹುಡುಕಿ ಹಿಡಿದು ಎಬ್ಬಿಸಲು ನೋಡಿದರು, ಉಗುರು ಒಳಗೆ ಹೋಗಲಿಲ್ಲ. ಇನ್ನೊಂದು ಬೆರಳಿನಿಂದ ನೋಡಿದರು. ಮೂರನೆಯ ಸಲ ಉಗುರು ಮುರಿಯಿತು.

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸಹಾಯ ಮಾಡಲು ಹೋಗಬೇಕೋ ಬೇಡವೋ ತಿಳಿಯಲಿಲ್ಲ.

"ಅಲ್ಲಿ ನಿಂತಿದ್ದೀಯಲ್ಲ, ಬಾ ಇಲ್ಲಿ" ಎಂದರು ಮಾಸ್ತರರು. "ಇದು ತೆಗೆಯೋಕೆ ಹಗುರ ಇರಬಹುದು. ಆದ್ರೆ ಶುರು ಮಾಡೋದು ಹೇಗೆ? ಎಳೆಯೋಕೆ ಉಂಗುರ ಕೈಗೆ ಸಿಗಬೇಕಲ್ಲಮ್ಮ. ಇದರ ಕೆಳಗೆ ತಗಡಲ್ಲಿ ಒಂದು ಗುಳಿ ಬೇಕು. ಬೆರಳ ತುದಿ ಇಳಿಯೋ ಅಷ್ಟು."

ಅವರು ತನ್ನೊಡನೆ ಮಾತಾಡಿದರೆಂಬುದು ಅವಳಿಗೆ ಹೊಳೆಯುವಷ್ಟರಲ್ಲಿ ಬಾಯಿ ಆಗಲೇ ತೆರೆದಿತ್ತು.

"ಅಷ್ಟು ಆಳ ಆಗಲ್ಲ ಮಾವ. ಗುಳಿಗೆ ಅಂತ ತಗಡು ಎಳೆದ್ರೆ ಗೀರಿನ ಹತ್ತಿರ ತೆಳ್ಳಗಾಗುತ್ತೆ. ಹಬೆಗೆ ಹೋದಾಗ ಮತ್ತೆ ಅಲ್ಲೇ ಬಿಡುತ್ತೆ."

"ಗೀರಿಂದ ದೂರ ಇಡು."

"ದೂರ ಇಟ್ರೆ ಉಂಗುರದ ಕೆಳಗೆ ಬರಲ್ಲ, ಉಂಗುರ ಕಚ್ಚಿಸಿರೋ ರಿವೆಟ್ಟಿನ ಕೆಳಗೆ ಬರುತ್ತೆ."

"ಬರಲ್ಲ. ನಕ್ಷೆ ತಗೊಂಡು ಬಾ. ನೀನು ಓದು, ನಾನು ಹೇಳ್ತೀನಿ."

ಅವಳು ನಕ್ಷೆ ತಂದಳು. ಅಳತೆಗಳನ್ನು ಅವಳು ಓದುವುದು, ಅವರು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುವುದು, ಅವಳು ಒಪ್ಪದಿರುವುದು, ಅವರು ಮೇಜು ಕುಟ್ಟುವುದು. ಅತ್ತೆ ಚಹಾ ತಂದಿಟ್ಟು ಇಬ್ಬರನ್ನೂ ನೋಡಿ, ಇನ್ನು ಇವರು ನಿಲ್ಲಿಸುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ತಮ್ಮ ಬಟ್ಟಲು ಹಿಡಿದು ಕಿಟಕಿಯ ಪಕ್ಕಕ್ಕೆ ಹೋದರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಮಾಸ್ತರರು ಮನೆಯೆಲ್ಲ ಸುತ್ತಾಡಿದರು. ಗೋಡೆಗೆ ಸುಣ್ಣ ಬಳಿಯದೆ ಎಷ್ಟು ಕಾಲವಾಯಿತು ಎಂದು ಬೈದರು. ಹೆಂಡತಿಯನ್ನು ದಿಟ್ಟಿಸಿ, ಯಾರಿವರು ಎಂದು ಕೇಳಿ, ಕನ್ನಡಿ ಆ ಕಡೆ ಇದೆ, ಹೋಗಿ ಮೊದಲು ನಿಮ್ಮನ್ನು ನೋಡಿಕೊಳ್ಳಿ ಎಂದು ಅನ್ನಿಸಿಕೊಂಡರು. ಸೊಸೆಯ ಮುಂದೆ ನಿಂತಾಗ ಮಾತ್ರ ಏನೂ ತಮಾಷೆ ಮಾಡಲಿಲ್ಲ.

"ಕಣ್ಣ ಕೆಳಗೆ ಎಷ್ಟು ಕಪ್ಪಾಗಿದೆಯಲ್ಲಮ್ಮ ನಿನಗೆ" ಎಂದರು. "ನಿದ್ದೆ ಮಾಡ್ಲಿಲ್ವಾ ಇಷ್ಟು ದಿನ?"

ಅವಳಿಗೆ ಅಳು ಬಂತು. ಅತ್ತೆಯ ಸೆರಗಿಗೆ ಮುಖ ಒರೆಸಿಕೊಂಡಳು.

ಎರಡನೆಯ ಕಣ್ಣೂ ಸರಿಹೋಗಿ ಮಾಸ್ತರರು ಕೆಲಸಕ್ಕೆ ಮರಳಿದಾಗ ಅವರು ಹೆದರಿದಂತೆಯೇ ಆಗಿತ್ತು. ಡೈ ಮಸೆಯುವ ಕಲ್ಲು ಎಡಗೈಯವನ ಕೈಯಲ್ಲಿತ್ತು, ಅದನ್ನು ಹಿಂದಕ್ಕೆ ಪಡೆದು ಕೊಡುವ ಮನಸ್ಸು ಮ್ಯಾನೇಜರರಿಗೆ ಇರಲಿಲ್ಲ. ಅವನ ಕೆಲಸ ಚೆನ್ನಾಗಿತ್ತು, ಅದನ್ನು ಮಾಸ್ತರರೂ ಅಲ್ಲಗಳೆಯಲಿಲ್ಲ. ಮೊದಲ ದಿನಗಳಲ್ಲಿ ಅವನು ಕಲ್ಲಿನ ಪಕ್ಕದಿಂದ ಎದ್ದು ನಿಂತು ಇವರಿಗೆ ಜಾಗ ಬಿಡುವನು. ಇವರು ಕೂತ್ಕೋ ಕೂತ್ಕೋ ಎಂದು ಮುಂದೆ ಹೋಗುವರು, ಆದರೆ ಆ ದಿನವೆಲ್ಲ ಮಂಕಾಗಿರುವರು. ಮಾಸ್ತರರಿಗೆ ನಕ್ಷೆಯ ಕೆಲಸ ಕೊಟ್ಟರು, ಗುಳಿಯದೇ ಮೊದಲನೆಯದು. ಬರುಬರುತ್ತ ಅದಕ್ಕೆ ಒಗ್ಗಿಕೊಂಡರು. ಎಡಗೈಯವನಿಗೆ ನಕ್ಷೆ ಅರ್ಥವಾಗದಾಗ ಇವರು ಹೋಗಿ ಕಲ್ಲಿನ ಪಕ್ಕ ನಿಲ್ಲುವುದು, ಮಸೆಯುವುದು ಅವನೇ ಎಂದು ರೂಢಿಯಾಯಿತು.

ಈಗ ಟೂಲ್ ರೂಮಿನಿಂದ ಬಂದದ್ದು ಯಾರದೇ ಇರಲಿ, ಸೊಸೆ ಪಟ್ಟಿ ಕತ್ತರಿಸಿ ತಾನೇ ಅಳೆಯುತ್ತಾಳೆ. ಗುಳಿಯಿದ್ದ ಹೂವಿನ ಮೊದಲ ಮುಚ್ಚಳಗಳಲ್ಲಿ ಕೆಲವನ್ನು ಅವಳು ಹಿಂದಕ್ಕೆ ಕಳಿಸಿದಳು. ಎರಡನೆಯ ಸಲವೂ ಕಳಿಸಿದಳು. ಮೂರನೆಯದು ಹಬೆಯನ್ನು ತಾಳಿತು, ಗುಳಿಯ ಆಳ ಮಾಸ್ತರರು ಬಯಸಿದ್ದಕ್ಕಿಂತ ತುಸು ಕಡಿಮೆಯಿದ್ದರೂ. ಸೂಪು ಕಂಪನಿಯವರು ತೃಪ್ತರಾಗಿ ಇನ್ನಷ್ಟು ಕೇಳಿದರು. ಇನ್ನೊಂದು ಕೂದಲೆಳೆಯಷ್ಟು ಇಳಿಸಬಹುದಿತ್ತು ಎಂದು ಮಾಸ್ತರರು ಈಗಲೂ ಬಸ್ಸಿನಲ್ಲಿ ಶುರುಮಾಡುತ್ತಾರೆ. ಇಳಿಸಿದ್ದರೆ ಬಿಟ್ಟುಕೊಳ್ಳುತ್ತಿತ್ತು ಎಂದು ಅವಳು. ಇಳಿಯಬೇಕಾದ ನಿಲ್ದಾಣ ದಾಟಿಹೋಗಿ ಇಬ್ಬರೂ ನಡೆದುಕೊಂಡು ಮನೆಗೆ ಬಂದದ್ದೂ ಉಂಟು.